ಕರೆಮ್ಮನ ಪಾಳಿ

ಕುರ್ಚಿ ಮಡಚಿಕೊಂಡಿತು. ಅದು ಮಡಚುವ ಕುರ್ಚಿಯೇ ಆಗಿದ್ದರಿಂದ ಅದನ್ನು ದೂರುವಂತಿಲ್ಲ. ಆದರೆ ಆ ಹೊತ್ತಿಗೆ ಅದರ ಮೇಲೆ ಹನುಮಂತ್ರಾಯ ಮಾಸ್ತರರು ಕೂತಿದ್ದರು, ಅದೂ ಮೊದಲನೇ ಸಾಲಿನಲ್ಲಿ.

ಅದು ೧೯೭೭ರ ಬೇಸಿಗೆ. ಮಕ್ಕಳಿಗೆ ರಜೆ ಇದ್ದರೆ ಮಾಸ್ತರರಿಗೆ ತರಬೇತಿ ಇರಬೇಕು ಎಂಬ ಇಲಾಖೆಯ ನಿಯಮದಂತೆ ಜಿಲ್ಲೆಯ ಭೂಗೋಳ ಮಾಸ್ತರರನ್ನೆಲ್ಲ ರಾಯಚೂರಿನ ತಗಡಿನ ಚಾವಣಿಯೊಂದರ ಕೆಳಗೆ ಕೂಡಿಸಿದ್ದರು. ಭೂಕಂಪದ ಬಗ್ಗೆ ಹೇಳಲು ಬಂದವರು ಗುಲಾಮ್ ದಸ್ತಗೀರ್ ಸಾಹೇಬರು. ಅಲ್ಲಿನ ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಕಲಿಸುತ್ತಿದ್ದವರು. ಭೂಮಿಯ ಹೊರಮೈ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಆ ಫಲಕಗಳು ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತವೆ, ಎರಡು ಫಲಕ ಉಜ್ಜಾಡುವ ಗಡಿ ಎಂದರೆ ಒಂದೇ ಗೆರೆಯಲ್ಲ, ಅಕ್ಕಪಕ್ಕ ಹಲವು ಬಿರುಕು ಇರುತ್ತವೆ ಎಂದು ಅವರು ಬೋರ್ಡಿನ ತುಂಬ ಗೀಚಿದ್ದರು.

"ಕೆಲವು ಬಿರುಕು ದಿನಾ ಸಣ್ಣಗ ಸರೀತಾ ಇರ್ತಾವ. ಅವುಗಳ ಬಿಗಿ ಆಗಿಂದಾಗ ಇಳೀತದ. ಕೆಲವು ಇರ್ತಾವ ನೋಡ್ರಿ, ಗಪ್ಪನ ಕೂತಿರ್ತಾವ. ಸರಿಯೋದಿಲ್ಲ, ಮಾತಾಡೋದಿಲ್ಲ. ವರ್ಷಗಟ್ಲೆ ಬಿಗಿ ಹಿಡೀತಾವ, ಹಿಡೀತಾವ, ಆಮ್ಯಾಲ ಒಂದು ದಿನ..."

ಕುರ್ಚಿ ಆರಿಸಿಕೊಂಡ ಗಳಿಗೆ ಇದು. ಮಾಸ್ತರರು ನೆಲಕ್ಕೆ ಕೂತರು, ಕುರ್ಚಿ ಅವರ ಬೆನ್ನಿಗೆ ಒರಗಿತು, ಪ್ಯಾಂಟು ಹಿಂದಿನಿಂದ ಪರ್‍ರೆಂದಿತು.

"ಹಿಂಗ," ಎಂದರು ದಸ್ತಗೀರ್ ಸಾಹೇಬರು.

ಇಡೀ ಜಿಲ್ಲೆಯ ಭೂಗೋಳ ನಕ್ಕಿತು. ಮಾಸ್ತರರು ಕೈಚೀಲವನ್ನು ಹಿಂದೆ ಹಿಡಿದುಕೊಂಡು, ಎಲ್ಲರಿಗೂ ಮುಖ ತೋರಿಸುತ್ತ, ಹಿಮ್ಮುಖವಾಗಿಯೇ ಬಾಗಿಲು ದಾಟಿದರು. ಬಸ್ ನಿಲ್ದಾಣದ ಬಾಜು ಅಮೀರ್ ಸಾಬನ ಹೊಲಿಗೆ ಅಂಗಡಿ ಇತ್ತು. ಅಮೀರ್ ಸಾಬ್ ಉಟ್ಟುಕೊಳ್ಳಲು ಒಂದು ಲುಂಗಿ ಕೊಟ್ಟು, ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದ.

"ಕೂತು ಹರಿದದ್ದೋ ಮಾಸ್ಟರ್ ಸಾಬ್, ಎದ್ದು ಹರಿದದ್ದೋ?"

"ಬಿದ್ದು."

"ಬಿದ್ದದ್ದಕ್ಕ ಟೈಮ್ ಹಿಡೀತದ."

ಹಿಡಿಯಿತು. ಮಾಸ್ತರರು ಪ್ಯಾಂಟು ಹಾಕಿಕೊಂಡು ಮರಳುವಷ್ಟರಲ್ಲಿ ಉಪನ್ಯಾಸ ಮುಗಿದು ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರು. ಎರಡನೇ ತಾಸಿನಲ್ಲಿ ಏನು ಹೇಳಿದರು ಎಂದು ಕೇಳೋಣವೆಂದರೆ ಯಾರ ಮುಂದೆ ನಿಂತರೂ ಅವರು ಮೊದಲು ಮಾಸ್ತರರ ಹಿಂಭಾಗ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಹೀಗಾಗಿ ಅವರು ಅರ್ಧ ಭೂಕಂಪವನ್ನಷ್ಟೇ ತಲೆಯಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತಿದರು. ಅರ್ಧ ಎಂದು ಅವರಿಗೆ ಅನ್ನಿಸಲಿಲ್ಲ. ಸರಿಯುತ್ತಿದ್ದರೆ ಕ್ಷೇಮ, ಗಪ್ಪಗಿದ್ದರೆ ಅಪಾಯ. ಇಷ್ಟು ಸಾಕು, ಇದರ ಮೇಲೆ ಹೇಳುವುದಕ್ಕೆ ಇನ್ನೇನಿದ್ದೀತು ಎಂದುಕೊಂಡರು.

ಮಾಸ್ತರರ ಊರು ಮಲ್ಲಟ. ನೌಕರಿ ಮಾನ್ವಿಯ ಹೈಸ್ಕೂಲಿನಲ್ಲಿ. ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಒಂದೇ ಒಲೆ. ನಡುವಿನವನು ಗದ್ದೆಪ್ಪ, ಕಾಲುವೆ ನೀರಿನ ಗದ್ದೆ ನೋಡಿಕೊಳ್ಳುವವನು. ಕಿರಿಯವನು ಕನಕರಾಯ, ಸಿರವಾರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಗದ್ದೆಪ್ಪನ ಹೆಂಡತಿ ಯಮನಮ್ಮ. ಕನಕರಾಯನ ಹೆಂಡತಿ ಬಂಡೆಮ್ಮ. ಮಾಸ್ತರರ ಹೆಂಡತಿ, ಆ ಮನೆಯ ಹಿರಿಯ ಸೊಸೆ, ಕರೆಮ್ಮ.

ಕರೆಮ್ಮ ದೇವದುರ್ಗದ ಕುರಿಗಾರರ ಮಗಳು. ಮದುವೆಯಾಗುವ ತನಕ ಕುರಿಗಳ ಹಿಂದೆ ತಿರುಗಿದವಳು. ಕುರಿಗಳ ಜೊತೆ ವ್ಯವಹಾರಕ್ಕೆ ಎರಡೋ ಮೂರೋ ಶಬ್ದ ಬೇಕು. ಮದುವೆಯಾದ ಮೇಲೆ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದು ಅವಳಿಗೆ ಅನ್ನಿಸಿದಂತಿರಲಿಲ್ಲ. ಮದುವೆಯ ಮರುದಿನ ಬೀಗರ ಪಂಕ್ತಿಯಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳು ಎಂದು ಹೆಂಗಸರೆಲ್ಲ ಸುತ್ತುವರಿದರು. ಬೇರೆ ಹುಡುಗಿಯರಾದರೆ ನಾಚಿ, ನುಲಿದು, ಮಲ್ಲಿಗೆ ಹೂವು, ಬೆಳ್ಳಿ ಬಟ್ಟಲು ಎಂದು ಪ್ರಾಸ ಹುಡುಕಿ, ಕೊನೆಗೆ ಹೆಸರನ್ನು ಅರ್ಧ ನುಂಗಿಬಿಡುತ್ತಾರೆ. ಕರೆಮ್ಮ, "ಹನುಮಂತ್ರಾಯ" ಎಂದಳು. ಹಾಜರಿ ಕೂಗಿದ ಹಾಗಿತ್ತು. ಆಮೇಲೆ ಹೋಳಿಗೆಗೆ ಕೈ ಹಾಕಿದಳು. ಮಾಸ್ತರರ ತಾಯಿ ಇದ್ದಷ್ಟು ದಿನವೂ ಆ ಸಂಗತಿ ಹೇಳಿ ಹಣೆ ಗಟ್ಟಿಸಿಕೊಳ್ಳುತ್ತಿದ್ದರು.

ಆ ಮನೆಯಲ್ಲಿ ರೊಟ್ಟಿಗೆ ಪಾಳಿ ಇತ್ತು. ಮನೆಮಂದಿ, ಮಕ್ಕಳು, ಗದ್ದೆಯ ಆಳುಗಳು ಎಲ್ಲ ಸೇರಿ ದಿನಕ್ಕೆ ಎರಡು ಬುಟ್ಟಿ ಜೋಳದ ರೊಟ್ಟಿ ಬೇಕು. ಒಂದು ವಾರ ಒಬ್ಬ ಸೊಸೆ ಬಡಿಯಬೇಕು, ಮುಂದಿನ ವಾರ ಇನ್ನೊಬ್ಬಳು. ನ್ಯಾಯವಾದ ವ್ಯವಸ್ಥೆ. ಕಾಗದದ ಮೇಲೆ ಬರೆದಿರದಿದ್ದರೂ ಸರ್ಕಾರದ ಯೋಜನೆಗಳಷ್ಟೇ ಚಂದ ಇತ್ತು, ಅವುಗಳ ಹಾಗೆಯೇ ನಡೆಯುತ್ತಿತ್ತು.

ತರಬೇತಿಗೆ ಮೊದಲು ಯಮನಮ್ಮ, ಬಂಡೆಮ್ಮ ಜಗಳ ತೆಗೆದರೆ ಮಾಸ್ತರರು ಕಟ್ಟೆಯ ಮೇಲಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹಿರಿಯ ಭಾವ ಕೆಮ್ಮಿದರೆಂದರೆ ಸೊಸೆಯರು ದನಿ ಇಳಿಸುತ್ತಿದ್ದರು. ತರಬೇತಿಯ ನಂತರ ಮಾಸ್ತರರು ಕೆಮ್ಮುವುದನ್ನು ಬಿಟ್ಟರು.

"ಯಾರ ಹಿಟ್ಟಿನ ಡಬ್ಬಿ ಮುಚ್ಚಳ ತಗದಿಟ್ಟು ಹೋಗ್ಯಾರ?" ಎಂದು ಒಳಗಿನಿಂದ ಯಮನಮ್ಮ ಶುರು ಮಾಡುತ್ತಿದ್ದಳು.

"ಹೆಸರು ಹಿಡಿದು ಕೇಳಬೇ. ಗ್ವಾಡಿಗೆ ಯಾಕ ಕೇಳ್ತಿ?" ಎಂದು ಬಂಡೆಮ್ಮ.

"ಗ್ವಾಡಿಗಾರ ಮಾನ ಅದ."

"ಇದ್ರ ನಿನ್ನ ಬಾಜು ಯಾಕ ನಿಲ್ತಿತ್ತು? ಎಂದೋ ಬಿದ್ದು ಸಾಯ್ತಿತ್ತು."

ಗದ್ದೆಪ್ಪ ಕಸಿವಿಸಿಗೊಂಡು, "ಅಣ್ಣಾ, ಅವರಿಗೆ ಒಂದು ಮಾತು ಹೇಳು," ಎಂದರೆ ಮಾಸ್ತರರು ಕಣ್ಣು ಅರ್ಧ ಮುಚ್ಚಿ, ಸಂಗೀತ ಕೇಳುವವರ ಹಾಗೆ ಕೈ ಎತ್ತುತ್ತಿದ್ದರು.

"ಆಡ್ಲಿ ಬಿಡೋ. ಬಿಗಿ ಇಳಿಯಾಕತ್ತದ. ಸಣ್ಣ ಸಣ್ಣದು ಆಗ್ತಿದ್ರ ದೊಡ್ಡದು ಆಗೋದಿಲ್ಲ."

ಆಗುತ್ತಿದ್ದುದು ಹೀಗೆ. ಪಾಳಿ ಯಮನಮ್ಮನದ್ದಿದ್ದರೆ, ಜಗಳ ಮುಗಿಯುತ್ತಿದ್ದಂತೆ ಅವಳು ತಲೆಗೆ ಬಟ್ಟೆ ಬಿಗಿದು, "ನನಗ ತಲಿ ಹಿಡದದ," ಎಂದು ಮಲಗುತ್ತಿದ್ದಳು. ಪಾಳಿ ಬಂಡೆಮ್ಮನದ್ದಿದ್ದರೆ, ಅವಳು ಸೆರಗು ಕೊಡವಿ ಓಣಿಯ ಮೂಲೆಯ ತನ್ನ ಚಿಕ್ಕಮ್ಮನ ಮನೆಗೆ ಹೋಗಿ ಕೂಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹಗುರಾಗಿ, ಒಂದೇ ತಟ್ಟೆಯಲ್ಲಿ ಉಣ್ಣುತ್ತ ನಗುತ್ತಿದ್ದರು. ಮಾಸ್ತರರು ಅದನ್ನು ನೋಡಿ, ಎಲ್ಲ ಇಳಿದುಹೋಯಿತು ಎಂದು ಖುಷಿಪಡುತ್ತಿದ್ದರು. ಉಣ್ಣಲು ತಟ್ಟೆಯಲ್ಲಿ ಬಿಸಿ ರೊಟ್ಟಿ ಇರುತ್ತಿತ್ತಲ್ಲ, ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ವಿಜ್ಞಾನಕ್ಕೆ ಸಂಬಂಧಿಸಿದ್ದಲ್ಲ ಎಂದು ಅವರು ಕೇಳಲಿಲ್ಲ.

ಕರೆಮ್ಮ ಬಡಿಯುತ್ತಿದ್ದಳು. ತನ್ನ ವಾರದಲ್ಲಿ ತನ್ನದು, ಉಳಿದ ವಾರಗಳಲ್ಲಿ ಬಹುಪಾಲು ಉಳಿದವರದು.

ಶಾಲೆಯಲ್ಲಿ ಮಾಸ್ತರರ ಪಾಠಕ್ಕೆ ರಂಗು ಬಂತು. ಗಪ್ಪಗೆ ಕೂತ ಬಿರುಕಿಗೆ ಅವರು 'ಸೆಡವು ಹಿಡಿದ ಬಿರುಕು' ಎಂದು ಹೆಸರಿಟ್ಟರು. ಮಾನ್ವಿಯ ತುಂಬ ಅವರಿಗೆ 'ಭೂಕಂಪ ಮಾಸ್ತರ' ಎಂದು ಹೆಸರು ಬಿತ್ತು. ಸಂತೆಯಲ್ಲಿ ಗುರುತಿನವರು, "ಮಾಸ್ತರ, ಈ ವರ್ಷ ಏನಾರ ಅದುರ್ತದೇನ್ರಿ?" ಎಂದು ಮಳೆ ಬೆಳೆ ಕೇಳಿದ ಹಾಗೆ ಕೇಳುತ್ತಿದ್ದರು. ನಮ್ಮ ಸೀಮೆಯ ನೆಲ ಭಾರಿ ಹಳೆಯದು, ಗಟ್ಟಿ, ಫಲಕಗಳ ಗಡಿ ಇಲ್ಲಿಂದ ಬಹಳ ದೂರ ಎಂದು ಮಾಸ್ತರರು ಹೇಳುವಾಗ ಅವರ ದನಿಯಲ್ಲಿ ಸಣ್ಣ ವ್ಯಥೆ ಇರುತ್ತಿತ್ತು. ದೂರದ ದೇಶಗಳ ಮಾಸ್ತರರು ಎಷ್ಟು ಅದೃಷ್ಟವಂತರು ಎಂದು ಒಳಗೇ ಕರುಬುತ್ತಿದ್ದರು.

ಹೆಂಡತಿಯನ್ನು ಅವರು ಪೂರ್ತಿ ಮರೆತಿದ್ದರು ಎನ್ನುವಂತಿಲ್ಲ. ಒಮ್ಮೆ ಅವರ ಶಾಸ್ತ್ರವೇ ಅವರನ್ನು ಎಚ್ಚರಿಸಿತು. ಮನೆಯಲ್ಲಿ ಸರಿಯದೆ ಕೂತದ್ದು ಇದೊಂದೇ ಎಂದು ಹೊಳೆದು, ಒಲೆಯ ಮುಂದೆ ಬಂದು ನಿಂತು ಉಪದೇಶ ಮಾಡಿದರು.

"ಕರೆಮ್ಮ, ನೀನೂ ಆಗಾಗ ಒಂದೀಟು ಜಗಳ ಮಾಡು. ಒಳಗ ಇಟ್ಕೊಳ್ಳೋದು ಚಲೋ ಅಲ್ಲ."

"ಯಾರ ಕೂಡ?"

"ಯಾರ ಕೂಡನಾರ ಮಾಡು. ಸುಮ್ಮ ಒಂದಿಷ್ಟು."

ಕರೆಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಹಿಟ್ಟು ಮುಗೀತು. ಗಿರಣಿಗೆ ಹೋಗ್ಬೇಕು," ಎಂದಳು. ತಮ್ಮ ಕರ್ತವ್ಯ ಮುಗಿಯಿತೆಂದು ಮಾಸ್ತರರು ಕಟ್ಟೆಗೆ ಮರಳಿದರು.

ಹೀಗೆ ವರ್ಷಗಳು ಹೋದವು. ೧೯೮೫ರಲ್ಲಿ, ನವರಾತ್ರಿಗೆ ಸ್ವಲ್ಪ ಮೊದಲು, ಮೆಕ್ಸಿಕೊ ದೇಶದಲ್ಲಿ ದೊಡ್ಡ ಭೂಕಂಪವಾಯಿತು. ಸತ್ತವರ ಸುದ್ದಿ ಓದಿ ಮಾಸ್ತರರು ಕನಿಕರಪಟ್ಟರು, ನಿಜ. ಆದರೆ ಕನಿಕರಕ್ಕೆ ಅವರಿಗೆ ಪುರಸೊತ್ತು ಕಡಿಮೆ ಇತ್ತು. ಮಾನ್ವಿಯ ಹೋಟೆಲಿನಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಎಲ್ಲರಿಗೂ ಅವರೇ ಬೇಕು. ಹೋಟೆಲಿನವರ ಎರಡು ತಟ್ಟೆಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿ ತೋರಿಸಿ ಅವುಗಳ ಅಂಚು ಸವೆಸಿದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ಮಾಸ್ತರರು ಕಟ್ಟೆಯ ಮೇಲೆ ಪತ್ರಿಕೆ ಬಿಚ್ಚಿ ಕೂತಿದ್ದರು. ಒಳಗೆ ಜಗಳ ಆಗಿ ಮುಗಿದಿತ್ತು. ಪಾಳಿ ಬಂಡೆಮ್ಮನದ್ದಿದ್ದಿರಬೇಕು. ಬಂಡೆಮ್ಮ ಚಿಕ್ಕಮ್ಮನ ಮನೆಗೆ ಹೋಗಿಯಾಗಿತ್ತು. ಕರೆಮ್ಮ ಕೈಯಲ್ಲಿ ಗಂಟು ಹಿಡಿದು ಹೊರಗೆ ಬಂದಳು.

"ಗಿರಣಿಗೇನು?" ಎಂದರು ಮಾಸ್ತರರು, ಪತ್ರಿಕೆಯಿಂದ ಕಣ್ಣೆತ್ತದೆ.

"ದೇವದುರ್ಗಕ್ಕ."

"ಅಷ್ಟು ದೂರದ ಗಿರಣಿ ಯಾಕ? ಸಿರವಾರದ್ದು ಕೆಟ್ಟದೇನು?"

ಕರೆಮ್ಮ ಮೆಟ್ಟಿಲಿಳಿದು ಓಣಿ ಹಿಡಿದಳು. ಮಾಸ್ತರರು ಮೆಕ್ಸಿಕೊಗೆ ಮರಳಿದರು. ಹಸಿವಾಗಿ ಒಳಗೆ ಹೋದಾಗ ಕಂಡದ್ದು ತಣ್ಣಗಿನ ಒಲೆ, ಅದರ ಮೇಲೆ ತಿಕ್ಕಿ ತೊಳೆದು ಬೋರಲು ಹಾಕಿದ ಹಂಚು. ಸತ್ತ ಮನೆಯಲ್ಲಿ ಕೂಡ ಹಂಚನ್ನು ಅಷ್ಟು ಅಚ್ಚುಕಟ್ಟಾಗಿ ಬೋರಲು ಹಾಕುವುದಿಲ್ಲ.

ಎರಡು ದಿನಕ್ಕೆ ಬಂದಾಳು ಎಂದುಕೊಂಡರು. ಬರಲಿಲ್ಲ. ಮನೆಯಲ್ಲಿ ವಿಚಿತ್ರವಾದ ತೊಡಕು ಎದ್ದಿತು: ಯಾರ ಪಾಳಿ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಯಮನಮ್ಮ ತನ್ನದಲ್ಲ ಎಂದಳು. ಬಂಡೆಮ್ಮ ತನ್ನದು ಮೊನ್ನೆಗೇ ಮುಗಿದಿದೆ ಎಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ವರ್ಷಾನುಗಟ್ಟಲೆ ಯಾರ ಪಾಳಿ ಬಂದರೂ ಅದು ಹೋಗಿ ಮುಟ್ಟುತ್ತಿದ್ದುದು ಕರೆಮ್ಮನ ಕೈಗೇ ಆದ್ದರಿಂದ ಲೆಕ್ಕ ಇಡುವ ಅಗತ್ಯ ಬಿದ್ದಿರಲಿಲ್ಲ. ಆಳುಗಳು ಬುತ್ತಿ ಇಲ್ಲದೆ ಗದ್ದೆಗೆ ಬರುವುದಿಲ್ಲ ಎಂದರು. ಈ ಸಲದ ಜಗಳ ಮಧ್ಯಾಹ್ನಕ್ಕೆ ಮುಗಿಯಲಿಲ್ಲ, ಮರುದಿನಕ್ಕೂ ಮುಗಿಯಲಿಲ್ಲ. ಅಲ್ಲಿಯವರೆಗೆ ಹೆಂಡತಿಯರ ಮಾತಿಗೆ ಕಿವಿಗೊಡದ ತಮ್ಮಂದಿರು ಕೂಡ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು.

ಕೊನೆಗೆ ಕನಕರಾಯ ಕಟ್ಟೆಯ ಮುಂದೆ ಬಂದು ನಿಂತ. "ಅಣ್ಣಾ, ಸಿಟ್ಟಾಗಬ್ಯಾಡ. ದೀಪಾವಳಿ ಒಳಗ ಅತ್ತಿಗಿ ಬರ್ಲಿಲ್ಲಂದ್ರ ಒಲಿ ಬ್ಯಾರೆ ಮಾಡ್ಕೊಳ್ಳೋಣ. ಅಂಗಳದಾಗ ಒಂದು ಗ್ವಾಡಿ ಎಬ್ಬಿಸಿಬಿಡ್ತೀನಿ."

"ಒಂದಲ್ಲ, ಎರಡು ಬೇಕಾಗ್ತಾವ," ಎಂದ ಗದ್ದೆಪ್ಪ ಒಳಗಿನಿಂದ.

ಮಾಸ್ತರರು ಪತ್ರಿಕೆ ಮಡಚಿಟ್ಟರು. ಮನೆ ಒಡೆಯದಂತೆ ಶಾಸ್ತ್ರೀಯವಾಗಿ ಕಾಪಾಡಿದವನು ತಾನು ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದರು. ಒಲೆ ಬೇರೆಯಾದರೆ ಅಂಗಳದಲ್ಲಿ ಗೋಡೆ ಏಳುವುದು ಸರಿ, ತಮ್ಮ ಪಾಲಿಗೆ ಬರುವ ಒಲೆಯ ಮುಂದೆ ಯಾರು ಕೂಡಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಶಾಸ್ತ್ರ ಎಲ್ಲಿ ತಪ್ಪಿತು ಎಂದು ತಿಳಿಯದೆ ದೇವದುರ್ಗಕ್ಕೆ ಹೋಗಿ ಏನು ಹೇಳುವುದು? ಅವರು ಮೊದಲು ರಾಯಚೂರಿನ ಬಸ್ಸು ಹತ್ತಿದರು.

ದಸ್ತಗೀರ್ ಸಾಹೇಬರು ಕಾಲೇಜಿನ ಮುಂದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಮಾಸ್ತರರನ್ನು ನೋಡಿದವರೇ, "ಅರೆ, ಕುರ್ಚಿ ಮಾಸ್ಟರ್. ಬರ್ರಿ, ಬೆಂಚಿನ ಮ್ಯಾಲ ಕೂಡ್ರಿ," ಎಂದರು.

"ಸಾರ್, ನಿಮ್ಮ ಮಾತು ಸುಳ್ಳಾತ್ರಿ. ದಿನಾ ಸಣ್ಣ ಸಣ್ಣದು ಸರೀತಿತ್ತು. ಆದ್ರೂ ದೊಡ್ಡದು ಆತು."

ಸಾಹೇಬರ ಬಸಿಯಲ್ಲಿದ್ದ ಚಹಾ ತುಳುಕಿತು. "ಎಲ್ಲಿ? ಮಾನ್ವಿಯಾಗೇನು?"

"ನಮ್ಮ ಮನ್ಯಾಗ್ರಿ," ಎಂದು ಮಾಸ್ತರರು ಎಲ್ಲವನ್ನೂ ಹೇಳಿದರು.

ಸಾಹೇಬರು ನಗಬೇಕೋ ಬಿಡಬೇಕೋ ತಿಳಿಯದೆ ಮೀಸೆ ಒರೆಸಿಕೊಂಡರು. "ಮನಿ ಬಗ್ಗೆ ನನಗ ಗೊತ್ತಿಲ್ಲ ಮಾಸ್ಟರ್ ಸಾಬ್. ನಂದು ಕಲ್ಲಿನ ಸಬ್ಜೆಕ್ಟು. ಕಲ್ಲಿನ ಮಾತು ಹೇಳ್ತೀನಿ. ಫಲಕ ನಿಲ್ಲೋದಿಲ್ಲ. ವರ್ಷಕ್ಕ ಇಷ್ಟು ಸರೀಬೇಕು ಅಂದ್ರ ಸರೀಲೇಬೇಕು. ಆ ಸರಿಯೋ ಭಾರ ಗಡಿಯಾಗಿನ ಬಿರುಕುಗಳು ತಮ್ಮ ತಮ್ಮೊಳಗ ಹಂಚ್ಕೋತಾವ. ಒಂದು ಕಮ್ಮಿ ಹೊತ್ರ ಇನ್ನೊಂದು ಹೆಚ್ಚು ಹೊರಬೇಕು, ಬ್ಯಾರೆ ದಾರಿ ಇಲ್ಲ. ಮತ್ತ ಒಂದು ಬಿರುಕು ಸರಿದು ಹಗುರ ಆತು ಅನ್ರಿ, ಅದರ ಬಿಗಿ ಎಲ್ಲಾ ಮಾಯ ಆಗೋದಿಲ್ಲ. ಒಂದು ಪಾಲು ಬಾಜುದರ ಮ್ಯಾಲ ಹೋಗಿ ಕೂಡ್ತದ. ಬಾಜುದು ಸರೀಲಾರದ್ದು ಇತ್ತಂದ್ರ..."

"ಸಾರ್, ಇದನ್ನ ಯಾವಾಗ ಹೇಳಿದ್ರಿ?"

"ಅವತ್ತೇ. ಎರಡನೇ ತಾಸಿನ್ಯಾಗ."

ಮಾಸ್ತರರು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. "ಆ ತಾಸಿನ್ಯಾಗ ನಾ ಅಮೀರ್ ಸಾಬನ ಲುಂಗಿಯಾಗಿದ್ದೆ," ಎಂದರು.

ದೇವದುರ್ಗದ ಬಸ್ಸಿನಲ್ಲಿ ಮಾಸ್ತರರು ಎರಡು ಬುಟ್ಟಿ ರೊಟ್ಟಿಯ ಬಗ್ಗೆ ಮೊದಲ ಸಲ ಯೋಚಿಸಿದರು. ಯಾರು ಜಗಳವಾಡಲಿ, ಯಾರಿಗೆ ತಲೆ ಹಿಡಿಯಲಿ, ಬುಟ್ಟಿಗಳೇನೂ ಸಣ್ಣವಾಗುತ್ತಿರಲಿಲ್ಲ.

ಭಾವಮೈದುನ ಅಂಬಣ್ಣ ಬಾಗಿಲಲ್ಲೇ ಸಿಕ್ಕ. "ಬರ್ರಿ ಮಾವ. ಅಕ್ಕ ಬಂದಾಗಿಂದ ಒಂದೇ ಮಾತು ಆಡ್ಯಾಳ, 'ಕೂಡ್ತೀನಿ' ಅಂತ. ಕೂತಾಳ ನೋಡ್ರಿ."

ನಿಜವಾಗಿಯೂ ಕೂತಿದ್ದಳು. ಅಂಗಳದ ಬೇವಿನ ನೆರಳಿನಲ್ಲಿ, ಕಾಲು ಚಾಚಿ, ಕೈಯಲ್ಲಿ ಯಾವ ಕೆಲಸವೂ ಇಲ್ಲದೆ. ಹೆಂಡತಿ ಬರಿಗೈಯಲ್ಲಿ ಕೂತದ್ದನ್ನು ಮಾಸ್ತರರು ಮದುವೆಯ ಪಂಕ್ತಿಯಲ್ಲಿ ಬಿಟ್ಟರೆ ಮತ್ತೆ ಕಂಡದ್ದು ಆಗಲೇ. ಮೊದಲ ನೋಟಕ್ಕೆ ಬೇರೆ ಯಾರೋ ಎನ್ನಿಸಿತು.

ಅಂಬಣ್ಣ ನೀರು ಕೊಟ್ಟು ಒಳಗೆ ಹೋದ. ಮಾಸ್ತರರು ನೆಲದ ಮೇಲೆ ಕೂತು, ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು, ಫಲಕ, ಗಡಿ, ಬಿರುಕು, ಬಿಗಿ, ಮೊದಲನೇ ತಾಸು, ಎರಡನೇ ತಾಸು ಎಲ್ಲವನ್ನೂ ಬಿಡಿಸಿ ಹೇಳಿದರು. ಕರೆಮ್ಮ ಕೊನೆಯವರೆಗೂ ಕೇಳಿದಳು. ಅವರ ಪಾಠವನ್ನು ಅಷ್ಟು ಪೂರ್ತಿಯಾಗಿ ಕೇಳಿದ ವಿದ್ಯಾರ್ಥಿ ಮಾನ್ವಿಯಲ್ಲಿ ಇರಲಿಲ್ಲ.

"ಈ ಫಲಕ ಅಂದ್ರ ಏನು?"

"ಮನಿ ಅಂತ ತಿಳ್ಕೋ."

"ಬಿರುಕು?"

"ನೀವು ಮೂವರು."

ಕರೆಮ್ಮ ಗೆರೆಗಳನ್ನು ನೋಡಿದಳು. "ಇದ್ರಾಗ ನೀವು ಎಲ್ಲದೀರಿ?"

ಮಾಸ್ತರರು ಕಡ್ಡಿ ಹಿಡಿದು ಹುಡುಕಿದರು. ಇಷ್ಟು ವರ್ಷ ಈ ಚಿತ್ರವನ್ನು ಬರೆದಿದ್ದರೂ ತಮಗೊಂದು ಜಾಗ ಇಟ್ಟುಕೊಂಡಿರಲಿಲ್ಲ. "ನಾ... ನೋಡಾಂವ," ಎಂದರು.

"ನೋಡಾಂವ," ಎಂದಳು ಕರೆಮ್ಮ. ಒಳಗಿನಿಂದ ಅಂಬಣ್ಣನ ಹೆಂಡತಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಾಸ್ತರರಿಗೆ ಆ ಸದ್ದು ತಮ್ಮ ಬೆನ್ನಿನ ಮೇಲೆ ಬೀಳುತ್ತಿದ್ದಂತೆ ಅನ್ನಿಸಿತು.

"ದೀಪಾವಳಿ ಒಳಗ ನೀ ಬರ್ಲಿಲ್ಲಂದ್ರ ಒಲಿ ಬ್ಯಾರೆ ಆಗ್ತಾವ," ಎಂದರು. "ಗ್ವಾಡಿ ಎಬ್ಬಿಸ್ತಾರಂತ. ನಿನಗ ಒಲ್ಲೆ ಅನ್ನಿಸಿದ್ರ ನಾ ಬಲವಂತ ಮಾಡೋದಿಲ್ಲ. ಆದ್ರ ಬಂದ್ರ ಹೆಂಗ ಬರ್ತಿ, ಅದನ್ನಾರ ಹೇಳು."

"ಒಂದು ಮಾತು ಅದ," ಎಂದಳು ಕರೆಮ್ಮ.

"ಹೇಳು."

"ಪಾಳಿ ಯಾರು ತಪ್ಪಿಸ್ತಾರೋ, ಅವರ ಗಂಡ ಒಲಿ ಮುಂದ ಕೂಡ್ಬೇಕು."

ಮಾಸ್ತರರು ತಲೆ ಕೆರೆದುಕೊಂಡರು. "ಗದ್ದೆಪ್ಪಗ ರೊಟ್ಟಿ ಬಡಿಯಾಕ ಬರೋದಿಲ್ಲ."

"ಕಲೀತಾನ."

"ಕನಕರಾಯನ ಕೈಯಾಗ ಬರೇ ಗೊಬ್ಬರದ ವಾಸನಿ."

"ತೊಳ್ಕೋತಾನ."

ಮೂರನೆಯವನ ಬಗ್ಗೆ ಕೇಳುವ ಧೈರ್ಯ ಮಾಸ್ತರರಿಗೆ ಬರಲಿಲ್ಲ. ಒಪ್ಪಿದರು. ತಮ್ಮಂದಿರ ಪರವಾಗಿಯೂ ಒಪ್ಪಿದರು. ಹಿರಿಯಣ್ಣನ ಅಧಿಕಾರ ಇಷ್ಟು ವರ್ಷದ ಮೇಲೆ ಒಂದು ಉಪಯೋಗಕ್ಕೆ ಬಂತು. ಕರೆಮ್ಮ ಎದ್ದು ಸೀರೆಯ ಧೂಳು ಕೊಡವಿ ಗಂಟು ತೆಗೆದುಕೊಂಡಳು. ಏಳುವಾಗ ಅವಳ ಕಾಲು ಮಾಸ್ತರರ ಚಿತ್ರದ ಮೇಲೆ ಬಿದ್ದು ಎರಡು ಗೆರೆ ಅಳಿಸಿಹೋದವು. ಅವರು ಕಡ್ಡಿ ಎಸೆದು ಎದ್ದರು.

ಸಿರವಾರದ ಬಸ್ಸಿನಲ್ಲಿ ಪಕ್ಕಪಕ್ಕ ಜಾಗ ಸಿಕ್ಕಿತು. ಬಸ್ಸು ಊರು ದಾಟಿತು, ಜೋಳದ ಹೊಲಗಳು ಶುರುವಾದವು. ಮನೆ ಉಳಿಯಿತು ಎಂಬ ಸಮಾಧಾನ ಒಂದು ಕಡೆ. ಗದ್ದೆಪ್ಪನಿಗೆ ಈ ಕರಾರನ್ನು ಹೇಗೆ ಹೇಳುವುದು ಎಂಬ ದಿಗಿಲು ಇನ್ನೊಂದು ಕಡೆ. ಇವೆರಡರ ನಡುವೆ ಅವರೊಳಗಿನ ಭೂಗೋಳ ಮಾಸ್ತರ ಮತ್ತೆ ತಲೆ ಎತ್ತಿದ.

"ಕರೆಮ್ಮ, ಒಂದು ಕೇಳ್ತೀನಿ," ಎಂದರು, ಮುಂದಿನ ಸೀಟಿನವರಿಗೆ ಕೇಳಿಸದಂತೆ. "ಮುಂದ ಎಂದಾರ ಹಿಂಗ ಎದ್ದು ಹೋಗೋದಿದ್ರ, ಮೊದಲ ಒಂದು ಸೂಚನಾ ಕೊಡ್ತೀಯೇನು?"

ಕರೆಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಈ ಸಲನೂ ಕೊಟ್ಟಿದ್ದೆ," ಎಂದಳು. "ತಿಂಗಳಿಂದ ರೊಟ್ಟಿ ದಪ್ಪ ಬರಾಕತ್ತಿದ್ವು. ನೀವು ಲಗೂನ ಹೊಟ್ಟಿ ತುಂಬ್ತು ಅಂತ ಎದ್ದು ಹೋದ್ರಿ."